ವೈಫೈ ಇದೆ, ನೆಟ್ ಇಲ್ಲ: ಎಲ್ಲಿ ಕೈಕೊಟ್ಟಿದೆ ಅಂತ ಪತ್ತೆ ಮಾಡುವುದು ಹೇಗೆ

ಫೋನಿನಲ್ಲಿ ವೈಫೈ ಗುರುತು ಪೂರ್ತಿ ಕಾಣಿಸುತ್ತಿದೆ, ಆದರೆ ಒಂದು ಪೇಜೂ ತೆರೆಯುತ್ತಿಲ್ಲ. ತಕ್ಷಣ "ವೈಫೈ ಹೋಯ್ತು" ಅಂತೀವಿ, ಅಲ್ವಾ? ವೈಫೈ ಅಲ್ಲೇ ಇದೆ. ಅದು ನಿಮ್ಮ ಫೋನಿಗೂ ಮನೆಯ ರೂಟರ್‌ಗೂ ನಡುವಿನ ತಂತಿಯಿಲ್ಲದ ದಾರಿ, ಅಷ್ಟೇ. ಇಂಟರ್ನೆಟ್ ಶುರುವಾಗುವುದು ರೂಟರ್ ದಾಟಿದ ಮೇಲೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ತೊಂದರೆ ಎಲ್ಲಿದೆ ಅಂತ ನೀವೇ ಹಿಡಿಯಬಹುದು.

ಮೊದಲು ಡಬ್ಬಿ ನೋಡಿ. ಹೊರಗಿನ ಲೈನಿನಲ್ಲಿ ಬರುವ ಸಿಗ್ನಲನ್ನು ಮನೆಯ ಸಾಧನಗಳಿಗೆ ಅರ್ಥವಾಗುವ ಹಾಗೆ ಬದಲಾಯಿಸುವುದು ಮೋಡೆಮ್. ಅದನ್ನು ಫೋನು, ಲ್ಯಾಪ್‌ಟಾಪ್, ಟಿವಿಗೆಲ್ಲ ಹಂಚುವುದು ರೂಟರ್. ಈಗ ಎರಡೂ ಒಂದೇ ಡಬ್ಬಿಯಲ್ಲಿ ಬರುವುದು ಜಾಸ್ತಿ. ಫೈಬರ್ ಲೈನ್ ಆದರೆ ಎಲ್‌ಒಎಸ್ ಅಂತ ಬರೆದ ದೀಪ ಇರುತ್ತದೆ. ಅದು ಕೆಂಪಗೆ ಮಿನುಗುತ್ತಿದ್ದರೆ ಬೆಳಕಿನ ಸಿಗ್ನಲ್ಲೇ ಡಬ್ಬಿಗೆ ತಲುಪುತ್ತಿಲ್ಲ ಅಂತ ಅರ್ಥ. ಆಗ ಸುಮ್ನೆ ಹತ್ತು ಸಲ ಆಫ್ ಆನ್ ಮಾಡಬೇಡಿ. ಕೇಬಲ್ ಎಲ್ಲಾದರೂ ತೀರಾ ಮಡಚಿಕೊಂಡಿದೆಯಾ, ಸಡಿಲವಾಗಿದೆಯಾ ನೋಡಿ, ಇಲ್ಲದಿದ್ದರೆ ಕಂಪ್ಲೇಂಟ್ ಕೊಡಿ.

ದೀಪ ಸರಿ ಇದ್ದರೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ನಿಮ್ಮ ಸಾಧನವನ್ನು ಗುರುತಿಸುವ ನಂಬರು, ನೋಡಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ನೀವು ಸೇರಿರುವ ನೆಟ್‌ವರ್ಕಿನ ಹೆಸರು ಒತ್ತಿದರೆ ಸಿಗುತ್ತದೆ. ಹೊಸ ಸಾಧನ ಸೇರಿದಾಗ ರೂಟರ್ ಅದಕ್ಕೊಂದು ವಿಳಾಸ ಕೊಡುತ್ತದೆ, ಈ ಏರ್ಪಾಡಿಗೆ ಡಿಎಚ್‌ಸಿಪಿ ಅಂತ ಹೆಸರು. ಸಾಮಾನ್ಯವಾಗಿ ಅದು 192.168 ಅಂತ ಶುರುವಾಗುತ್ತದೆ. ಇದು ಮನೆಯೊಳಗೆ ಮಾತ್ರ ನಡೆಯುವ ನಂಬರು, ಪಕ್ಕದ ಮನೆಯಲ್ಲೂ ಅದೇ ಇರಬಹುದು. ಐಪಿವಿ4 ಅನ್ನುವ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ, ಲೋಕದ ಸಾಧನಗಳಿಗೆಲ್ಲ ಸಾಲದು, ಅದಕ್ಕೇ ಹೊರಗಿನ ಒಂದೇ ವಿಳಾಸವನ್ನು ಇಡೀ ಮನೆ ಹಂಚಿಕೊಳ್ಳುತ್ತದೆ. ವಿಳಾಸ 169.254 ಅಂತ ಶುರುವಾಗಿದ್ದರೆ ಗಮನಿಸಿ. ರೂಟರ್‌ನಿಂದ ಉತ್ತರ ಬಾರದೆ ಸಾಧನ ತಾನೇ ಹಾಕಿಕೊಂಡ ವಿಳಾಸ ಅದು. ಈಗ ರೂಟರ್ ಆಫ್ ಮಾಡಿ ಆನ್ ಮಾಡುವುದಕ್ಕೆ ನಿಜಕ್ಕೂ ಅರ್ಥವಿದೆ.

ವಿಳಾಸವೂ ಸರಿ ಇದೆಯಾ? ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ವಿಂಡೋ) ಪಿಂಗ್ (ping) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು 8.8.8.8 ಹಾಕಿ, ಎಂಟರ್ ಒತ್ತಿ. ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್. ಉತ್ತರ ಬಂದೂ ಸೈಟ್ ತೆರೆಯದಿದ್ದರೆ ಹೆಚ್ಚಾಗಿ ಡಿಎನ್‌ಎಸ್‌ನದ್ದೇ ತೊಂದರೆ. ನಾವು ಹೆಸರು ಹೊಡೆಯುತ್ತೇವೆ, ಕಂಪ್ಯೂಟರಿಗೆ ನಂಬರು ಬೇಕು, ಆ ಹೆಸರಿಗೆ ಈ ನಂಬರು ಅಂತ ಹುಡುಕಿ ಕೊಡುವುದು ಡಿಎನ್‌ಎಸ್‌ನ ಕೆಲಸ. 1983ರಲ್ಲಿ ಇದು ಬರುವ ಮೊದಲು ಎಲ್ಲ ಹೆಸರುಗಳನ್ನೂ ಒಂದೇ ಫೈಲಿನಲ್ಲಿ ಬರೆದಿಡುತ್ತಿದ್ದರು, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು! ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ ನೋಡಿ.

ನೆಟ್ ಇದೆ, ಆದರೆ ನಿಧಾನ ಅಂದರೆ ಅದು ಬೇರೆ ಕಥೆ. 100 ಎಂಬಿಪಿಎಸ್ ಪ್ಲಾನ್ ಹಾಕಿಸಿ, ಡೌನ್‌ಲೋಡ್ ಸೆಕೆಂಡಿಗೆ 12 ಎಂಬಿ ಬಂದರೆ ಮೋಸ ಅಂದುಕೊಳ್ಳಬೇಡಿ. ಪ್ಲಾನ್ ಅಳೆಯುವುದು ಮೆಗಾಬಿಟ್‌ನಲ್ಲಿ, ಫೈಲ್ ಅಳೆಯುವುದು ಮೆಗಾಬೈಟ್‌ನಲ್ಲಿ, 8 ಬಿಟ್ ಸೇರಿದರೆ 1 ಬೈಟ್. ಸ್ಪೀಡ್ ಚೆನ್ನಾಗಿದ್ದೂ ವಿಡಿಯೋ ಕಾಲ್ ತಡವರಿಸಿದರೆ ಪಿಂಗ್ ಸಮಯ ನೋಡಿ. ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವ ಲೆಕ್ಕ ಅದು, ಒಂದು ಸಲ 20, ಇನ್ನೊಂದು ಸಲ 400 ಅಂತ ಕುಣಿದರೆ ಮಾತು ತುಂಡಾಗುತ್ತದೆ. ರೂಟರ್ ಹತ್ತಿರವೇ ಇದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಸೇರಿ, ಗೋಡೆಗಳ ಆಚೆ ಇದ್ದರೆ 2.4 ದೂರ ತಲುಪುತ್ತದೆ. ಮುಖ್ಯ ಮೀಟಿಂಗ್ ಇದ್ದರೆ ನಾನಂತೂ ಕೇಬಲ್ಲೇ ಹಾಕಿ ಅನ್ನುತ್ತೇನೆ.

ಕಂಪ್ಲೇಂಟ್ ಕೊಡುವಾಗ "ನೆಟ್ ಇಲ್ಲ" ಅಂತಷ್ಟೇ ಹೇಳಬೇಡಿ. "ಕೆಂಪು ದೀಪ ಇಲ್ಲ, ರೂಟರ್ ವಿಳಾಸ ಕೊಡ್ತಿದೆ, 8.8.8.8ರಿಂದ ಉತ್ತರ ಬರ್ತಿಲ್ಲ" ಅನ್ನಿ.