ಸಿಕ್ಕಿಕೊಂಡವರನ್ನು ಮೇಲಿನಿಂದ ಜಗ್ಗುವುದು ಹೇಗೆ

ಶಹಾಪುರದ ಬೆಟ್ಟಗಳಲ್ಲಿ ಹಗ್ಗ ಕಟ್ಟಿಕೊಂಡು ನನ್ನ ಹಿಂದೆ ಬಂಡೆ ಹತ್ತುವ ಹುಡುಗರಲ್ಲಿ ಹೆಚ್ಚಿನವರು ನನಗಿಂತ ಭಾರ. ನಾನು 50 ಕೆಜಿ, ಅವರಲ್ಲಿ ಕೆಲವರು 80 ಕೆಜಿ. ಅರ್ಧ ದಾರಿಯಲ್ಲಿ ನಿಂತು "ಅಕ್ಕಾ, ಕೈ ಸೋತಾವ್ರೀ, ಸ್ವಲ್ಪ ಜಗ್ಗ್ರಿ" ಅಂದರೆ ನನ್ನ ತೋಳಿನ ಬಲದಿಂದ ಆಗುವ ಕೆಲಸ ಅಲ್ಲ ಅದು. ಹಗ್ಗವನ್ನು ಸರಿಯಾಗಿ ತಿರುಗಿಸಿ ಹಾಕಿದರೆ ಆಗುತ್ತದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಇದು ಬಿಲೇ ಮಾಡುವುದು (ಹತ್ತುವವರ ಹಗ್ಗ ಹಿಡಿದು ಕಾಯುವುದು), ಆಂಕರ್ (ಹಗ್ಗಕ್ಕೆ ಬಂಡೆಯಲ್ಲಿ ಮಾಡುವ ಆಸರೆ) ಕಟ್ಟುವುದು ಗೊತ್ತಿರುವವರಿಗೆ. ಗೊತ್ತಿಲ್ಲದವರು ಮೊದಲು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಿ ತಗೊಳ್ಳಿ. ಓದಿ ಕಲಿಯುವ ವಿದ್ಯೆ ಅಲ್ಲ ಇದು. ಓದಿದ್ದನ್ನು ಆಳೆತ್ತರದ ಬಂಡೆಯ ಮೇಲೆ, ಗೆಳೆಯರನ್ನು ಕಟ್ಟಿಕೊಂಡು ಮಾಡಿ ನೋಡಲೇಬೇಕು.

ಮೊದಲ ಕೆಲಸ ಜಗ್ಗುವುದಲ್ಲ, ಕೇಳುವುದು. ಯಾಕೆ ನಿಂತಿದ್ದಾನೆ? ಕಾಲು ಸೀಳಿನಲ್ಲಿ ಸಿಕ್ಕಿದೆಯಾ? ಹಗ್ಗ ಬಂಡೆಯ ಪದರಿನ ಹಿಂದೆ ಸಿಕ್ಕಿದೆಯಾ? ದಾರಿಯಲ್ಲಿ ಹಾಕಿದ ಲೋಹದ ಕೊಂಡಿ, ಅಂದರೆ ಕ್ಯಾರಾಬಿನರ್‌ನಿಂದ ಹಗ್ಗ ಬಿಚ್ಚುವುದನ್ನು ಮರೆತಿದ್ದಾನಾ? ಈ ಮೂರನೆಯದು ತುಂಬ ಸಲ ಆಗುತ್ತದೆ. ಹಾಗಿದ್ದರೆ ನೀವು ಜಗ್ಗುತ್ತಿರುವುದು ಹುಡುಗನನ್ನಲ್ಲ, ಬಂಡೆಯನ್ನು. ಬರಿಗೈಯಲ್ಲಿ ಹಿಡಿದಾಗ ಹಗ್ಗ ಎಲ್ಲಿ ಸಿಕ್ಕಿದೆ ಅಂತ ಅಂದಾಜಾಗುತ್ತದೆ. ಮೂರು ಪಟ್ಟು ಬಲ ಹಾಕಿದಾಗ ಏನೂ ಗೊತ್ತಾಗುವುದಿಲ್ಲ. ಸಿಕ್ಕಿದ ಕಾಲು ಮುರಿಯುವಷ್ಟು ಬಲ ಅದು. ಎಷ್ಟೋ ಸಲ ಹಗ್ಗ ಬಿಗಿ ಹಿಡಿದು, ಎರಡು ನಿಮಿಷ ಕೂತು ಕೈ ಕೊಡವಿಕೊಳ್ಳಲು ಬಿಟ್ಟರೆ ಸಾಕು, ತಾನೇ ಹತ್ತಿ ಬರುತ್ತಾನೆ.

ಕೂಗುವ ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ. ನಾವು ನಾಲ್ಕೇ ಇಟ್ಟುಕೊಂಡಿದ್ದೇವೆ: ಬಿಗಿ, ಸಡ್ಲು, ಜಗ್ಗು, ನಿಲ್ಲು. ಗಾಳಿಯಲ್ಲಿ ಉದ್ದ ಮಾತು ಕೇಳಿಸುವುದಿಲ್ಲ.

ಇನ್ನು ಆಂಕರ್. ಶಹಾಪುರ, ಯಾದಗಿರಿ ಕಡೆ ಗ್ರಾನೈಟ್ ಗಟ್ಟಿ, ಆದರೆ ಗುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ದೊಡ್ಡದು ಅಂತ ನಂಬಬೇಡಿ, ಅದು ಯಾವುದರ ಮೇಲೆ ಕೂತಿದೆ ನೋಡಿ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಜಾಗವಾದರೂ ಬೇಕು. ಜಗ್ಗುವಾಗ ಆಂಕರ್ ಮೇಲೆ ಹುಡುಗನ ಭಾರದ ಜೊತೆ ನೀವು ಹಾಕುವ ಬಲವೂ ಬೀಳಬಹುದು. ಬೀದರ್ ಕಡೆಯ ಜಂಬಿಟ್ಟಿಗೆ ಕಲ್ಲಿನ ಅಂಚು ಉದುರುತ್ತದೆ, ಅಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಕೋಟೆಯ ಗೋಡೆಗೆ ಎಲ್ಲಿಯೂ ಹಗ್ಗ ಕಟ್ಟಬೇಡಿ. ಅದು ನಮ್ಮ ಹಿರಿಯರ ಆಸ್ತಿ.

ಬಿಲೇ ಪ್ಲೇಟನ್ನು (ಹಗ್ಗ ತೂರಿಸಿ ಹಿಡಿಯುವ ಲೋಹದ ಸಾಧನ) ಗೈಡ್ ಮೋಡ್‌ನಲ್ಲಿ, ಅಂದರೆ ನೇರವಾಗಿ ಆಂಕರ್‌ಗೆ ತೂಗುಹಾಕಿರಬೇಕು. ಆಗ ಹಗ್ಗ ಮೇಲಕ್ಕೆ ಬರುತ್ತದೆ, ಭಾರ ಬಿದ್ದರೆ ತಾನೇ ಲಾಕ್ ಆಗುತ್ತದೆ. ಜಗ್ಗುವ ಯಾವ ಪದ್ಧತಿಗೂ ಜೀವಾಳ ಇದು. ಮೊದಲು ಹಿಡಿತ, ಆಮೇಲೆ ಜಗ್ಗುವುದು. ನಿಮ್ಮ ಕೈ ಜಾರಿದರೂ ಹುಡುಗ ಇದ್ದಲ್ಲೇ ನಿಲ್ಲಬೇಕು.

ಈಗ ಲೆಕ್ಕ. ಬಾವಿಯ ಗಡಗಡಿ ನೋಡಿದ್ದೀರಲ್ವಾ? ಮೇಲೆ ಕಟ್ಟಿದ ಗಡಗಡಿ ಕೊಡದ ಭಾರ ಕಮ್ಮಿ ಮಾಡುವುದಿಲ್ಲ, ಜಗ್ಗುವ ದಿಕ್ಕು ಮಾತ್ರ ಬದಲಿಸುತ್ತದೆ. ಗಡಗಡಿ ಕೊಡಕ್ಕೇ ಕಟ್ಟಿಕೊಂಡು, ಕೊಡದ ಜೊತೆ ಮೇಲೇರಿದರೆ ಮಾತ್ರ ಭಾರ ಹಗುರಾಗುತ್ತದೆ. ಕೆಳಗಿನ ಎರಡೂ ಪದ್ಧತಿ ಇದರ ಮೇಲೇ ನಿಂತಿವೆ.

ನನಗೆ ಹೆಚ್ಚು ಇಷ್ಟವಾದದ್ದು ಹಗ್ಗದ ಕುಣಿಕೆ ಇಳಿಬಿಡುವ ಪದ್ಧತಿ. ಪ್ಲೇಟಿನಿಂದ ನಿಮ್ಮ ಕೈ ಕಡೆಗೆ ಬಂದ ಹಗ್ಗವನ್ನು ಮಡಚಿ, ಮಡಿಕೆಗೆ ಲಾಕ್ ಇರುವ ಕ್ಯಾರಾಬಿನರ್ ಹಾಕಿ ಕೆಳಗೆ ಬಿಡಿ. ಹುಡುಗ ಅದನ್ನು ತನ್ನ ಸೊಂಟ, ತೊಡೆಗೆ ಕಟ್ಟಿದ ಪಟ್ಟಿಯ, ಅಂದರೆ ಹಾರ್ನೆಸ್‌ನ ಬಿಲೇ ಲೂಪಿಗೆ ಹಾಕಿ ಲಾಕ್ ತಿರುಗಿಸಲಿ. ಲಾಕ್ ಆಯಿತು ಅಂತ ಬಾಯಿಬಿಟ್ಟು ಹೇಳಲಿ. ಈಗ ಅವನನ್ನು ಮೂರು ಹಗ್ಗ ಹೊತ್ತಿವೆ. ನೀವು ನಿಮ್ಮ ಕೈಯಲ್ಲಿರುವ ತುದಿಯನ್ನು ಮೇಲಕ್ಕೆ ಜಗ್ಗಿ. ಪ್ಲೇಟಿನಿಂದ ಅವನ ಕ್ಯಾರಾಬಿನರ್‌ಗೆ ಬರುವ ಹಗ್ಗ ಅವನ ಕಣ್ಣೆದುರೇ ಕೆಳಕ್ಕೆ ಹರಿಯುತ್ತದೆ. ಅದನ್ನು ಹಿಡಿದು ಅವನೂ ಕೆಳಕ್ಕೆ ಜಗ್ಗಲಿ, ಕಾಲಿನಿಂದ ಬಂಡೆ ಒತ್ತಲಿ. ಇಬ್ಬರೂ ಸೇರಿದರೆ 50 ಕೆಜಿಯವಳು 80 ಕೆಜಿಯವನನ್ನು ಮೇಲೆ ತರುವುದು ಕಷ್ಟವಲ್ಲ. ಅವನಿಗೂ ತಾನೇ ಹತ್ತಿದ ಸಮಾಧಾನ ಇರುತ್ತದೆ. ಅದನ್ನು ಉಳಿಸುವುದು ಕೂಡ ನಮ್ಮ ಕೆಲಸ ಅಂತ ನಾನು ನಂಬಿದ್ದೇನೆ.

ಆದರೆ ಇದಕ್ಕೆ ಹಗ್ಗ ಜಾಸ್ತಿ ಬೇಕು. ಅವನವರೆಗೆ ಒಂದು ಉದ್ದ, ಕುಣಿಕೆಗೆ ಎರಡು ಉದ್ದ. 60 ಮೀಟರ್ ಹಗ್ಗ ಇದ್ದರೆ ಅವನು 20 ಮೀಟರಿಗಿಂತ ಹತ್ತಿರ ಇರಬೇಕು. ಅವನ ಎರಡು ಕೈ ಕೆಲಸ ಮಾಡುವಂತಿರಬೇಕು.

ದೂರ ಇದ್ದರೆ, ಅಥವಾ ಅವನ ಕೈಗೆ ಪೆಟ್ಟಾಗಿದ್ದರೆ, ಝಡ್ ಪದ್ಧತಿ. ಅವನ ಕಡೆಗೆ ಹೋಗುವ ಬಿಗಿ ಹಗ್ಗಕ್ಕೆ ಕೈ ಎಟಕುವಷ್ಟು ಕೆಳಗೆ ಪ್ರೂಸಿಕ್ (ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ಹಿಡಿಯುವ, ತೆಳು ಹಗ್ಗದ ಸುತ್ತುಗಂಟು) ಸುತ್ತಿ. ಅದಕ್ಕೆ ಕ್ಯಾರಾಬಿನರ್. ಪ್ಲೇಟಿನಿಂದ ಬಂದ ಕೈ ಕಡೆಯ ಹಗ್ಗವನ್ನು ಅದರೊಳಗೆ ತೂರಿಸಿ ಮೇಲಕ್ಕೆ ಜಗ್ಗಿ. ಮೂರು ಮೀಟರ್ ಜಗ್ಗಿದರೆ ಅವನು ಒಂದು ಮೀಟರ್ ಏರುತ್ತಾನೆ. ಪ್ರೂಸಿಕ್ ಪ್ಲೇಟಿನ ಹತ್ತಿರ ಬಂದಾಗ ನಿಧಾನ ಸಡಿಲಿಸಿ, ಭಾರ ಪ್ಲೇಟಿನ ಮೇಲೆ ಕೂತಿದ್ದು ನೋಡಿಕೊಂಡು, ಪ್ರೂಸಿಕ್ಕನ್ನು ಮತ್ತೆ ಕೆಳಗೆ ಸರಿಸಿ.

ಲೆಕ್ಕದಲ್ಲಿ 80 ಕೆಜಿ ಎತ್ತಲು 27 ಕೆಜಿ ಬಲ ಸಾಕು. ನಿಜದಲ್ಲಿ ಹಗ್ಗ ಕ್ಯಾರಾಬಿನರ್ ಮೇಲೆ ತಿರುಗುವಾಗ ಉಜ್ಜಿ ಬಲ ತಿನ್ನುತ್ತದೆ, 40 ಕೆಜಿ ದಾಟುತ್ತದೆ. ಪುಲ್ಲಿ ಒಂದೇ ಇದ್ದರೆ ಪ್ರೂಸಿಕ್ ಇರುವ ತಿರುವಿಗೆ ಹಾಕಿ. ನಿಮ್ಮ ಕೈಗೆ ಹತ್ತಿರದ ತಿರುವು ಅದು, ಅಲ್ಲಿ ಉಳಿದ ಬಲ ಮುಂದೆಲ್ಲ ಉಳಿಯುತ್ತದೆ. ಬಂಡೆಯ ಅಂಚು ಇನ್ನೂ ಜಾಸ್ತಿ ತಿನ್ನುತ್ತದೆ. ನಮ್ಮ ಗ್ರಾನೈಟ್ ಒರಟು, ಹಗ್ಗದ ಸಿಪ್ಪೆ ಸುಲಿಯುತ್ತದೆ. ಅಂಚಿಗೆ ಮಡಚಿದ ಗೋಣಿಚೀಲ ಹಾಕಿ, ಅದು ಜಾರದಂತೆ ಕಟ್ಟಿ.

ತೋಳಿನಿಂದ ಜಗ್ಗಬೇಡಿ, ಸೊಂಟ ಹಿಡಿಯುತ್ತದೆ. ಕೈ ಕಡೆಯ ಹಗ್ಗಕ್ಕೆ ಇನ್ನೊಂದು ಪ್ರೂಸಿಕ್ ಸುತ್ತಿ ನಿಮ್ಮ ಹಾರ್ನೆಸ್‌ಗೆ ಸಿಕ್ಕಿಸಿ. ಕುಕ್ಕರಗಾಲಲ್ಲಿ ಕೂತು, ಎದ್ದು ನಿಲ್ಲಿ. ತೊಡೆಗೆ ಇರುವ ಬಲ ತೋಳಿಗಿಲ್ಲ. ನೀವೂ ಆಂಕರ್‌ಗೆ ಕಟ್ಟಿಕೊಂಡಿರಬೇಕು, ಅದು ಹೇಳಬೇಕಾಗಿಲ್ಲ. ಐದು ಪಟ್ಟು, ಆರು ಪಟ್ಟಿನ ಪದ್ಧತಿಗಳೂ ಇವೆ. ಮೂರು ಪಟ್ಟಿಗೆ ಮನುಷ್ಯ ಅಲುಗದಿದ್ದರೆ ಹಗ್ಗ ಎಲ್ಲೋ ಸಿಕ್ಕಿದೆ ಅಂತಲೇ ತಿಳಿಯಿರಿ. ಮೊದಲು ಅದನ್ನು ಹುಡುಕಿ.

ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ತೂಗುತ್ತಿರುವವರನ್ನು ಹೆಚ್ಚು ಹೊತ್ತು ಹಾಗೇ ಬಿಡುವುದು ಜೀವಕ್ಕೆ ಅಪಾಯ. ಕೆಳಗೆ ಜಾಗ ಇದ್ದರೆ ಇಳಿಸುವುದೇ ಬೇಗ ಆಗುತ್ತದೆ. 108ಕ್ಕೆ ಫೋನ್ ಮಾಡಲು ಇನ್ನೊಬ್ಬರಿಗೆ ಹೇಳಿ. ಗೈಡ್ ಮೋಡ್‌ನಲ್ಲಿ ಲಾಕ್ ಆದ ಪ್ಲೇಟನ್ನು ಹೀಗೆ ಇಳಿಸುವುದಕ್ಕಾಗಿ ಬಿಡಿಸುವಾಗ ಹಗ್ಗ ಒಮ್ಮೆಗೇ ಸರ್ರನೆ ಓಡಬಹುದು. ಕೈ ಕಡೆಯ ಹಗ್ಗಕ್ಕೆ ಮೊದಲು ಗಂಟು ಹಾಕಿ ಆಂಕರ್‌ಗೆ ಸಿಕ್ಕಿಸಿ. ಪ್ರೂಸಿಕ್ಕಿನ ಬೆಂಬಲ ಇಲ್ಲದೆ ಪ್ಲೇಟು ಮುಟ್ಟಬೇಡಿ.

ಬೇಸಿಗೆಯಲ್ಲಿ ಇದ್ಯಾವುದನ್ನೂ ಅಭ್ಯಾಸ ಮಾಡಲು ಹೋಗಬೇಡಿ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಬಂಡೆ ಮುಟ್ಟಲಾಗುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ, ಬೆಳಗಿನ ಹೊತ್ತು ಒಳ್ಳೆಯದು.

ಅಂಚಿನ ಹತ್ತಿರ ಬಂದಾಗ ಜಗ್ಗುವುದನ್ನು ನಿಲ್ಲಿಸಿ. ಅಲ್ಲಿ ಬೆರಳು ಹಗ್ಗದ ಕೆಳಗೆ ಸಿಕ್ಕಿ ಜಜ್ಜುತ್ತದೆ. ಅವನು ಕೈ ಎತ್ತಿ ಮೇಲಿನ ಹಿಡಿ ಹಿಡಿದ ಮೇಲೆ ಸ್ವಲ್ಪ ಸ್ವಲ್ಪವೇ ಜಗ್ಗಿ. ಮೇಲೆ ಬಂದವನನ್ನು ಮೊದಲು ಗಟ್ಟಿ ಪಟ್ಟಿಯ ಕುಣಿಕೆ, ಅಂದರೆ ಸ್ಲಿಂಗ್‌ನಿಂದ ಆಂಕರ್‌ಗೆ ಕಟ್ಟಿ, ಲಾಕ್ ನೋಡಿ. ಆಮೇಲೆ ಪುಲ್ಲಿ, ಆಮೇಲೆ ಪ್ರೂಸಿಕ್, ಕೊನೆಗೆ ಪ್ಲೇಟು ಬಿಚ್ಚಿ. ಅಂಚಿಗೆ ಉಜ್ಜಿದ ಹಗ್ಗದ ಭಾಗವನ್ನು ಇಂಚಿಂಚೂ ಬೆರಳಾಡಿಸಿ ನೋಡಿ. ಒಳಗಿನ ಬಿಳಿ ನೂಲು ಕಂಡರೆ ಅಥವಾ ಎಲ್ಲಾದರೂ ಮೆತ್ತಗಾಗಿದ್ದರೆ, ಆ ಹಗ್ಗದಲ್ಲಿ ಮತ್ತೆ ಯಾರನ್ನೂ ಹತ್ತಿಸಬೇಡಿ.