ಬಿಸಿ ಕಾವಲಿಗೆ ತಣ್ಣೀರು ಬೇಡ

ಮದುವೆಯಾಗಿ ಉಡುಪಿಗೆ ಬಂದ ಮೊದಲ ವರ್ಷವೇ ಅತ್ತೆಯವರ ಬೀಡುಕಬ್ಬಿಣದ ಕಾವಲಿ ನನ್ನ ಕೈಯಲ್ಲಿ ಒಡೆಯಿತು. ನೀರು ದೋಸೆ ಹೊಯ್ದು ಮುಗಿದಿತ್ತು. ಬೇಗ ತೊಳೆದಿಡೋಣವೆಂದು, ಒಲೆಯಿಂದ ಇಳಿಸಿದ ಕಾವಲಿಗೆ ಒಂದು ಚೆಂಬು ಬಾವಿನೀರು ಸುರಿದೆ. ಟಣ್ಣೆಂದಿತು. ಅಂಚಿನಿಂದ ನಡುವಿನವರೆಗೆ ಕೂದಲೆಳೆಯಂಥ ಬಿರುಕು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಕಾದದ್ದು ಹಿಗ್ಗುತ್ತದೆ, ಆರಿದ್ದು ಕುಗ್ಗುತ್ತದೆ. ನೀರು ಬಿದ್ದ ಮೇಲ್ಮೈ ಒಮ್ಮೆಗೇ ಕುಗ್ಗಿತು, ತಳ ಇನ್ನೂ ಹಿಗ್ಗಿಯೇ ಇತ್ತು. ಆ ಎಳೆದಾಟಕ್ಕೆ ಬಳುಕುವ ಗುಣ ಬೀಡಿಗಿಲ್ಲ. ಮೀನು ಸಾರಿನ ಮಣ್ಣಿನ ಮಡಕೆಗೂ ಗಾಜಿಗೂ ಇದೇ ಗತಿ. ಗಾಜು ದಪ್ಪವಿದ್ದಷ್ಟೂ ಗಟ್ಟಿ ಎನ್ನುವವರ ಮಾತು ಇಲ್ಲಿ ನಡೆಯುವುದಿಲ್ಲ. ದಪ್ಪ ಲೋಟದ ಒಳಮೈ ಕಾದರೂ ಹೊರಮೈಗೆ ಶಾಖ ತಲುಪುವುದು ತಡ, ಬಿರಿಯುವುದು ಅದೇ ಮೊದಲು. ಕಷಾಯ ಹೊಯ್ಯುವ ಮುಂಚೆ ಲೋಟವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದುಕೊಳ್ಳಿ.

ಹಿಗ್ಗಿ ಕುಗ್ಗುವ ಈ ಗುಣವೇ ಕೆಲಸಕ್ಕೂ ಬರುತ್ತದೆ. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಕುಟ್ಟಿ ನಗ್ಗಿಸಬೇಡಿ. ಒಳಗಿನದಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಬಿಸಿನೀರಿನ ಪಾತ್ರೆಯಲ್ಲಿ ಒಂದೆರಡು ನಿಮಿಷ ಇಡಿ. ಒಳಗಿನದು ಕುಗ್ಗಿ ಹೊರಗಿನದು ಹಿಗ್ಗಿದಾಗ ಸ್ವಲ್ಪ ತಿರುಗಿಸಿದರೆ ಸಾಕು. ಮಿಡಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿದಿದ್ದರೆ ಮುಚ್ಚಳಕ್ಕೆ ಮಾತ್ರ ಬಿಸಿನೀರು ತಾಗಿಸಿ. ಅಲ್ಯುಮಿನಿಯಂ ಸಾಮಾನ್ಯ ಗಾಜಿಗಿಂತ ಸುಮಾರು ಎರಡೂವರೆ ಪಟ್ಟು ಹಿಗ್ಗುತ್ತದೆ: 1 ಮೀಟರ್ ಪಟ್ಟಿ 100 ಡಿಗ್ರಿ ಹೆಚ್ಚು ಕಾದರೆ ಬೆಳೆಯುವುದು 2.3 ಮಿಲಿಮೀಟರ್. ಕಣ್ಣಿಗೆ ಕಾಣದಷ್ಟು ಸಡಿಲವಾದರೂ ಮುಚ್ಚಳ ತಿರುಗುತ್ತದೆ.

ಮಕ್ಕಳಿಗೆ ಇನ್ನೊಂದನ್ನು ತಿಳಿಸಿ ಹೇಳಿ. ದೀಪಾವಳಿಯ ನಕ್ಷತ್ರಕಡ್ಡಿಯ ಒಂದು ಕಿಡಿಯ ಉಷ್ಣತೆ ಹಂಡೆಯ ನೀರಿಗಿಂತ ಎಷ್ಟೋ ಹೆಚ್ಚು, ಆದರೆ ಅಷ್ಟು ಸಣ್ಣ ಕಣದಲ್ಲಿರುವ ಶಾಖ ಅತ್ಯಲ್ಪ. 60 ಡಿಗ್ರಿಯ ಹಂಡೆ ನೀರು ಮೈಮೇಲೆ ಬಿದ್ದರೆ ಕೆಲವೇ ಕ್ಷಣದಲ್ಲಿ ಚರ್ಮ ಸುಡುತ್ತದೆ. ಎಣ್ಣೆಸ್ನಾನದ ಬೆಳಿಗ್ಗೆ ಮಕ್ಕಳನ್ನು ಬಚ್ಚಲಿನಲ್ಲಿ ಒಂಟಿಯಾಗಿ ಬಿಡಬೇಡಿ.

ನೀರು ಮಾತ್ರ ಹಟಮಾರಿ. 4 ಡಿಗ್ರಿಯವರೆಗೆ ಕುಗ್ಗಿ, ಅಲ್ಲಿಂದ ಕೆಳಗೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾದಾಗ ನೂರಕ್ಕೆ ಒಂಬತ್ತು ಪಾಲು ಹೆಚ್ಚು ಜಾಗ ಬೇಡುತ್ತದೆ. ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಇಡಲೇಬಾರದು.

ತುಳುವರ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ಬಾಗಿಲು ಬಿಗಿಯುವುದು ಶಾಖದಿಂದಲ್ಲ, ಮರ ತೇವ ಹೀರಿ ಉಬ್ಬುವುದರಿಂದ. ಆಗಲೇ ಆಚಾರಿಯನ್ನು ಕರೆಸಿ ಕೀಸಿಸಬೇಡಿ, ಬೇಸಗೆಯಲ್ಲಿ ಸಂದು ಬಿಡುತ್ತದೆ. ಅಂಚಿಗೆ ಮೇಣ ಉಜ್ಜಿ, ಮಳೆ ಕಳೆಯುವವರೆಗೆ ಕಾಯಿರಿ.