ಹಡಗು ಹತ್ತುವ ಹಿಂದಿನ ರಾತ್ರಿ ಎಲ್ಲಿ ಇಳಿದುಕೊಳ್ಳಬೇಕು?

ಗಾಣಗಾಪುರದ ಹುಣ್ಣಿಮೆಗೆ ಹೋಗುವವರನ್ನು ನೋಡಿ. ಬೆಳಗಿನ ಸಂಗಮ ಸ್ನಾನ ತಪ್ಪಬಾರದು ಅಂತ ಹಿಂದಿನ ರಾತ್ರಿಯೇ ಹೋಗಿ ಮುಟ್ಟಿರುತ್ತಾರೆ. ರೂಮ್ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಗುಡಿಗೆ ಎಷ್ಟು ದೂರ ಅಂತ ಕೇಳುತ್ತಾರೆ, ಅಷ್ಟೇ. ಅದೇ ಜನ ಸಿಂಗಾಪುರಕ್ಕೆ ಹೋಗಿ ಕ್ರೂಸ್, ಅಂದರೆ ಪ್ರವಾಸದ ಹಡಗು ಹತ್ತುವಾಗ ಮಾತ್ರ ಈಜುಕೊಳದ ಫೋಟೊ ನೋಡಿ ಹೋಟೆಲ್ ಬುಕ್ ಮಾಡುತ್ತಾರೆ. ಬೇರೆಯವರ ಮಾತು ಯಾಕೆ, ನಾನೇ ಹಾಗೆ ಮಾಡಿದ್ದೆ.

ಕಲಬುರಗಿಯಲ್ಲಿ ನನಗೆ ಗೊತ್ತಿರುವ ಮೂರ್ನಾಲ್ಕು ಮನೆಗಳಲ್ಲಿ ಕಥೆ ಒಂದೇ. ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾರೆ. ಅಪ್ಪ ರಿಟೈರ್ ಆದರು ಅಂತಲೋ, ಅವ್ವ ಸಮುದ್ರ ನೋಡಿಲ್ಲ ಅಂತಲೋ ಕ್ರೂಸ್ ಟಿಕೆಟ್ ತೆಗೆಸುತ್ತಾರೆ. ಹಡಗಿನಲ್ಲಿ ಯಾವ ಕೋಣೆ, ಬಾಲ್ಕನಿ ಬೇಕೋ ಬೇಡವೋ ಅಂತ ವಾರಗಟ್ಟಲೆ ಚರ್ಚೆ. ಹಡಗು ಹತ್ತುವ ಮೊದಲಿನ ಒಂದೆರಡು ರಾತ್ರಿ ಎಲ್ಲಿ ಮಲಗುವುದು ಅನ್ನುವುದು ಕೊನೆಯ ದಿನ ನೆನಪಾಗುತ್ತದೆ. ಇಲ್ಲಿ ಹೇಳುವುದು ಆ ರಾತ್ರಿಗಳ ಬಗ್ಗೆ. ಉದಾಹರಣೆಗೆ ಸಿಂಗಾಪುರವನ್ನೇ ಇಟ್ಟುಕೊಳ್ಳೋಣ. ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆ ಹೋಗುವ ಹಡಗುಗಳು ಅಲ್ಲಿಂದ ಹೊರಡುತ್ತವೆ. ಬೇರೆ ದ್ವೀಪದಿಂದ ಹತ್ತುವುದಾದರೂ ನೋಡಬೇಕಾದ ಕ್ರಮ ಇದೇ.

1. ಮೊದಲು ದಿನ ಗೊತ್ತು ಮಾಡಿ

ಹಡಗು ಶುಕ್ರವಾರ ಸಂಜೆ ಹೊರಡುತ್ತದೆ ಅಂದರೆ ಗುರುವಾರವೇ ನೀವು ಅಲ್ಲಿರಬೇಕು. ಇದನ್ನು ಹೇಳಿದಾಗ ನಮ್ಮ ಕಾಕಾ ಒಪ್ಪಲಿಲ್ಲ. "ಅಲ್ಲೋ ತಮ್ಮಾ, ಸಂಜೀಕ್ ಹಡಗು ಅಂದ್ಮ್ಯಾಲ ಶುಕ್ರವಾರ ಮುಂಜಾನಿ ಇಳದ್ರ ಸಾಕಲ್ಲೇನು? ಒಂದ್ ದಿನದ ಲಾಡ್ಜ್ ರೊಕ್ಕ ಉಳೀತದ."

ಹಡಗು 5 ಗಂಟೆಗೆ ಅಂದರೆ 5ರವರೆಗೆ ಹತ್ತಬಹುದು ಅಂತಲ್ಲ. ಸಾಮಾನ್ಯವಾಗಿ ಒಂದು, ಒಂದೂವರೆ ತಾಸು ಮೊದಲೇ ಬಾಗಿಲು ಹಾಕುತ್ತಾರೆ. ನಾವೋ ಕಲಬುರಗಿಯಿಂದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ನಾಲ್ಕೈದು ತಾಸು ಹೋಗಬೇಕು. ಬೀದರಿನವರಿಗೆ ಅಷ್ಟು ದೂರವಿಲ್ಲ, ಯಾದಗಿರಿಯವರಿಗೆ ಸುಲಭವೂ ಅಲ್ಲ. ಆಮೇಲೆ ವಿಮಾನ. ಇದರಲ್ಲಿ ಯಾವುದು ತಡವಾದರೂ ಹಡಗು ಕಾಯುವುದಿಲ್ಲ. ವಿಮಾನದ ಟಿಕೆಟ್ ನೀವೇ ಬೇರೆಯಾಗಿ ತೆಗೆಸಿದ್ದರೆ ನಷ್ಟವೂ ನಿಮ್ಮದೇ. ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತು ಬೀಗರ ಮನೆ ಮದುವೆಯ ಅಕ್ಕಿಕಾಳು ತಪ್ಪಿಸಿಕೊಂಡಿದ್ದನ್ನು ಕಾಕಾಗೆ ನೆನಪಿಸಿದೆ. ಸುಮ್ಮನಾದರು.

ಇನ್ನೊಂದು ಲೆಕ್ಕ ಹಲವರಿಗೆ ತಪ್ಪುತ್ತದೆ. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಹೈದರಾಬಾದಿನಿಂದ ರಾತ್ರಿ 11ಕ್ಕೆ ಹೊರಟು ನಾಲ್ಕೂವರೆ ತಾಸು ಹಾರಿದರೆ ನಮ್ಮ ಲೆಕ್ಕಕ್ಕೆ ಬೆಳಗಿನ ಜಾವ ಮೂರೂವರೆ, ಅವರ ಲೆಕ್ಕಕ್ಕೆ 6. ಹೋಟೆಲ್ ರೂಮ್ ಕೊಡುವುದು ಮಧ್ಯಾಹ್ನ 2 ಅಥವಾ 3ಕ್ಕೆ. ವಯಸ್ಸಾದವರು ಜೊತೆಗಿದ್ದರೆ ಗುರುವಾರ ಬೆಳಿಗ್ಗೆ ಇಳಿದರೂ ಬುಧವಾರ ರಾತ್ರಿಯಿಂದಲೇ ರೂಮ್ ಹಿಡಿಯಿರಿ. "ಗುರುವಾರ ಬೆಳಿಗ್ಗೆ 7ಕ್ಕೆ ಬರುತ್ತೇವೆ" ಅಂತ ಹೋಟೆಲ್‌ಗೆ ಮೊದಲೇ ಬರೆದು ತಿಳಿಸಿ. ಇಲ್ಲದಿದ್ದರೆ ಬುಧವಾರ ರಾತ್ರಿ ಬರಲಿಲ್ಲ ಅಂತ ಬುಕಿಂಗ್ ರದ್ದು ಮಾಡಿಬಿಡಬಹುದು. ಹುಡುಗರೇ ಹೋಗುವುದಾದರೆ ಬ್ಯಾಗ್ ರಿಸೆಪ್ಷನ್ನಿನಲ್ಲಿಟ್ಟು ಊರು ಸುತ್ತಿದರಾಯಿತು.

2. ಹಡಗು ಯಾವ ಟರ್ಮಿನಲ್ಲಿನಿಂದ?

ಇದನ್ನು ನೋಡದೆ ಹೋಟೆಲ್ ಹುಡುಕಲೇಬೇಡಿ. ಸಿಂಗಾಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ. ಒಂದು ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಾಪುರ ಕ್ರೂಸ್ ಸೆಂಟರ್, ಹಳೆಯದು. ಇನ್ನೊಂದು 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್. ದೊಡ್ಡ ಹಡಗುಗಳು ಬರುವುದು ಈ ಹೊಸದಕ್ಕೆ.

ನಾನು ಮಾಡಿದ್ದೇನು ಗೊತ್ತಾ? ಮೊಬೈಲ್ ನಕ್ಷೆಯಲ್ಲಿ 'ಸಿಂಗಾಪುರ ಕ್ರೂಸ್ ಸೆಂಟರ್' ಅಂತ ಹುಡುಕಿದೆ. ಹಾರ್ಬರ್‌ಫ್ರಂಟ್ ತೋರಿಸಿತು. ನಡೆದು ಹೋಗುವಷ್ಟು ಹತ್ತಿರ ಅಂತ ಜಾಸ್ತಿ ದುಡ್ಡು ಕೊಟ್ಟು ಅಲ್ಲೇ ಹೋಟೆಲ್ ಹಿಡಿದೆ. ಬೆಳಿಗ್ಗೆ ನಾಲ್ಕು ಸೂಟ್‌ಕೇಸ್ ಎಳೆದುಕೊಂಡು, ಅವ್ವನ ಕೈ ಹಿಡಿದುಕೊಂಡು, ಗತ್ತಿನಿಂದ ಟರ್ಮಿನಲ್ ಬಾಗಿಲಿಗೆ ಹೋದೆವು. ಅಲ್ಲಿನ ಗಾರ್ಡ್ ನಮ್ಮ ಕಾಗದ ನೋಡಿ, ಹಡಗಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟ. ಮರೀನಾ ಬೇ! ಆಮೇಲೆ ತಲೆ ಎತ್ತಿ ದೂರಕ್ಕೆ ಕೈ ತೋರಿಸಿದ. ನಮ್ಮ ಹೆಂಡತಿ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಎರಡು ಟ್ಯಾಕ್ಸಿ ಹಿಡಿದು ಹೋದೆವು. ಟೈಮ್ ಇತ್ತು, ಬಚಾವಾದೆವು.

ಟಿಕೆಟ್‌ನಲ್ಲಿ ಟರ್ಮಿನಲ್ ಹೆಸರು ಪೂರ್ತಿ ಓದಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಾರ್ಬರ್‌ಫ್ರಂಟ್‌ಗೆ ಅದೇ ಹೆಸರಿನ ಮೆಟ್ರೊ ನಿಲ್ದಾಣವಿದೆ, ವಿವೋಸಿಟಿ ಮಾಲ್‌ಗೆ ಅಂಟಿಕೊಂಡೇ ಇದೆ. ಮರೀನಾ ಬೇ ಟರ್ಮಿನಲ್ಲಿಗೆ ಇಳಿಯಬೇಕಾದದ್ದು ಮರೀನಾ ಸೌತ್ ಪಿಯರ್ ನಿಲ್ದಾಣದಲ್ಲಿ. ಮರೀನಾ ಬೇ ಅನ್ನುವ ನಿಲ್ದಾಣವೂ ಬೇರೆ ಇದೆ, ಅಲ್ಲಿ ಇಳಿದುಬಿಡಬೇಡಿ. ಇನ್ನೂ ಒಂದು ಸ್ಟಾಪ್ ಮುಂದೆ ಹೋಗಬೇಕು.

3. ಬಡಾವಣೆ ಆರಿಸಿ, ಹೋಟೆಲ್ ಆಮೇಲೆ

ನಮ್ಮ ಕಡೆಯವರಿಗೆ ನನ್ನ ಓಟು ಲಿಟಲ್ ಇಂಡಿಯಾಕ್ಕೆ. ಸೆರಂಗೂನ್ ರಸ್ತೆಯ ಉದ್ದಕ್ಕೂ ಇಡ್ಲಿ, ದೋಸೆ, ಊಟ ಸಿಗುತ್ತದೆ. 1947ರಲ್ಲಿ ಶುರುವಾದ ಕೋಮಳ ವಿಲಾಸ್ ಈ ಭಾಗದ ಹಳೆಯ ಸಸ್ಯಾಹಾರಿ ಹೋಟೆಲ್. ವೀರಮಾಕಾಳಿಯಮ್ಮನ್ ಗುಡಿ ಇದೇ ರಸ್ತೆಯಲ್ಲಿದೆ, ಬೆಳಿಗ್ಗೆ ಎದ್ದು ಕೈ ಮುಗಿದು ಬರಬಹುದು. ಚಾರ್ಜರ್ ಮರೆತಿರಿ, ಮೊಣಕಾಲಿಗೆ ಹಚ್ಚುವ ಮುಲಾಮು ಮರೆತಿರಿ, ಮುಸ್ತಫಾ ಸೆಂಟರ್‌ಗೆ ಹೋದರೆ ಸಿಗುತ್ತದೆ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಗಲ್ಲಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗಿದೆ ಆ ಅಂಗಡಿ.

ಇದಕ್ಕಿಂತ ದೊಡ್ಡ ಕಾರಣ ಮೆಟ್ರೊ. ಲಿಟಲ್ ಇಂಡಿಯಾದಿಂದ ಹಾರ್ಬರ್‌ಫ್ರಂಟ್‌ಗೆ ನಾರ್ತ್ ಈಸ್ಟ್ ಲೈನ್‌ನಲ್ಲಿ ಗಾಡಿ ಬದಲಿಸದೆ ಸೀದಾ ಹೋಗಬಹುದು. ಮರೀನಾ ಸೌತ್ ಪಿಯರ್‌ಗೆ ಹೋಗುವುದಾದರೆ ಒಂದೇ ಸ್ಟಾಪ್ ಮುಂದಿರುವ ಧೋಬಿ ಘಾಟ್‌ನಲ್ಲಿ ಇಳಿದು ನಾರ್ತ್ ಸೌತ್ ಲೈನ್ ಹಿಡಿಯಬೇಕು. ಹೌದು, ನಿಲ್ದಾಣದ ಹೆಸರೇ ಧೋಬಿ ಘಾಟ್. ಅಲ್ಲಿಂದ ನಾಲ್ಕನೇ ಸ್ಟಾಪ್, ಅದೇ ಕೊನೆಯದು. ಚಾಂಗಿ ವಿಮಾನ ನಿಲ್ದಾಣದಿಂದ ಬರುವಾಗ ಎಕ್ಸ್‌ಪೋದಲ್ಲಿ ಒಂದು ಸಲ ಬದಲಿಸಿ ಡೌನ್‌ಟೌನ್ ಲೈನ್ ಹಿಡಿದರೆ ಲಿಟಲ್ ಇಂಡಿಯಾಕ್ಕೇ ಬಂದು ಇಳಿಯುತ್ತೀರಿ. ಭಾನುವಾರ ಸಂಜೆ ಮಾತ್ರ ಈ ಭಾಗದಲ್ಲಿ ಜಾತ್ರೆಯಷ್ಟು ಜನ. ಗದ್ದಲ ಆಗದವರು ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಹಡಗು ಹಾರ್ಬರ್‌ಫ್ರಂಟ್‌ನಿಂದ ಅಂತಾದರೆ ಚೈನಾಟೌನ್ ಕೂಡ ಒಳ್ಳೆಯದೇ. ಎರಡೇ ಸ್ಟಾಪ್. 1827ರಲ್ಲಿ ಶುರುವಾದ ಮಾರಿಯಮ್ಮನ್ ಗುಡಿ ಇರುವುದು ಅಲ್ಲೇ. ಮರೀನಾ ಬೇ ಸುತ್ತಲಿನ ದೊಡ್ಡ ಹೋಟೆಲ್‌ಗಳು ಕಣ್ಣಿಗೆ ಚೆಂದ, ಜೇಬಿಗೆ ಭಾರ. ಗೇಲಾಂಗ್ ಕಡೆ ಅಗ್ಗದ ರೂಮ್‌ಗಳು ಕಾಣಿಸುತ್ತವೆ. ಅಲ್ಲಿನ ಕೆಲವು ಗಲ್ಲಿಗಳು ಸಂಸಾರ ಸಮೇತ ಹೋಗುವಂಥವಲ್ಲ.

ಇನ್ನು ಸೆಂಟೋಸಾ. ದ್ವೀಪ, ಬೀಚ್, ತೆಂಗಿನ ಮರ ಅಂದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಫೋಟೊದಲ್ಲಿ ಕಾಣಿಸದ ಒಂದು ಸಂಗತಿ ಇದೆ. ಆ ಬೀಚ್‌ನಲ್ಲಿ ನಿಂತರೆ ಎದುರಿಗೆ ಕಾಣುವುದು ಸಾಲುಗಟ್ಟಿ ನಿಂತ ಸರಕು ಹಡಗುಗಳು. ನಿಮ್ಮ ಹಡಗು ಹೇಗೂ ಫುಕೆಟ್‌ಗೆ ಹೋಗುವುದಿದ್ದರೆ ಒಳ್ಳೆಯ ಬೀಚ್ ಅಲ್ಲೇ ಸಿಗುತ್ತದೆ. ಒಂದು ರಾತ್ರಿಗೆ ಸುಮ್ನೆ ಯಾಕೆ ಅಷ್ಟು ಖರ್ಚು? ಚಿಕ್ಕ ಮಕ್ಕಳಿದ್ದು, ಅಲ್ಲಿನ ಯೂನಿವರ್ಸಲ್ ಸ್ಟುಡಿಯೋ ಥೀಮ್ ಪಾರ್ಕ್ ನೋಡಲೇಬೇಕು ಅಂತ ಹಟ ಹಿಡಿದಿದ್ದರೆ, ಎರಡು ರಾತ್ರಿ ಕೈಯಲ್ಲಿದ್ದರೆ, ಆಗ ಸರಿ. ಹಾರ್ಬರ್‌ಫ್ರಂಟ್ ಅಲ್ಲಿಂದ ಸೇತುವೆಯ ಆಚೆ ಬದಿಗೇ ಇದೆ.

4. ಫೋಟೊ ಬಿಟ್ಟು ಸಣ್ಣ ಅಕ್ಷರ ಓದಿ

ಸಿಂಗಾಪುರದಲ್ಲಿ ಕಡಿಮೆ ಬೆಲೆಯ ಹೋಟೆಲ್ ರೂಮ್‌ಗಳಿಗೆ ಎಷ್ಟೋ ಕಡೆ ಕಿಟಕಿಯೇ ಇರುವುದಿಲ್ಲ. ಇದು ಮೋಸವಲ್ಲ, ಬುಕಿಂಗ್ ಪುಟದಲ್ಲಿ ಬರೆದೇ ಇರುತ್ತಾರೆ, ನಾವು ಓದುವುದಿಲ್ಲ. ನಮ್ಮ ಪರಿಚಯದವರೊಬ್ಬರು ಯಾದಗಿರಿಯ ತೋಟದ ಮನೆಯಲ್ಲಿ ಬೆಳೆದವರು. ರೂಮಿನ ಪರದೆ ಸರಿಸಿದರೆ ಹಿಂದೆ ಗೋಡೆ! ರಾತ್ರಿಯೆಲ್ಲಾ ಕಾರಿಡಾರಿನಲ್ಲಿ ಕುಳಿತಿದ್ದರು. ಕಿಟಕಿ ಇದೆ ಅಂತ ಸ್ಪಷ್ಟವಾಗಿ ಬರೆದಿರುವ ರೂಮನ್ನೇ ತೆಗೆದುಕೊಳ್ಳಿ.

ಅಳತೆ ಚದರ ಮೀಟರ್‌ನಲ್ಲಿರುತ್ತದೆ. 12 ಚದರ ಮೀಟರ್ ಅಂದರೆ ನಮ್ಮ 10ಕ್ಕೆ 13 ಅಡಿಯ ಕೋಣೆ, ಬಚ್ಚಲೂ ಅದರೊಳಗೇ. ಇಬ್ಬರು, ಎರಡು ದೊಡ್ಡ ಸೂಟ್‌ಕೇಸ್ ಆದರೆ ತಿರುಗಾಡಲು ಜಾಗವಿಲ್ಲ. ನೆಲದ ಮೇಲೆ ಚಾಪೆ ಹಾಸಿ ನಾಲ್ಕು ಜನ ಮಲಗುತ್ತೇವೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎಷ್ಟು ಜನ ಅಂತ ಬರೆದಿದೆಯೋ ಅಷ್ಟೇ ಜನ.

ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಅದರ ಅರ್ಥ ತಿಳಿದಿರಲಿ. ಒಂದು ಪ್ಲಸ್ ಶೇ 10ರ ಸರ್ವಿಸ್ ಚಾರ್ಜ್, ಇನ್ನೊಂದು ಶೇ 9ರ ಜಿಎಸ್‌ಟಿ. 100 ಡಾಲರ್ ಅಂತ ಕಂಡದ್ದು ಕೊಡುವಾಗ 119 ಡಾಲರ್ 90 ಸೆಂಟ್ ಆಗುತ್ತದೆ. ಅದೂ ಸಿಂಗಾಪುರ ಡಾಲರ್, ಅಮೆರಿಕದ್ದಲ್ಲ.

ಯಾರದೋ ಫ್ಲ್ಯಾಟ್ ಒಂದೆರಡು ದಿನಕ್ಕೆ ಅಗ್ಗದಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಕಾನೂನಿಗೆ ವಿರುದ್ಧ.

5. ನಡೆಯುವ ದೂರ ಅಳೆಯಿರಿ

"ನಮ್ಮ ಕಲಬುರಗಿ ಬಿಸಲ್ ಕಂಡವರಿಗಿ ಇದೇನ್ ಬಿಸಲು" ಅಂತ ಹೊರಡಬೇಡಿ. ನಮ್ಮದು 42 ಡಿಗ್ರಿಯ ಒಣ ಬಿಸಿಲು. ನೆರಳಿಗೆ ಬಂದರೆ ಜೀವ ಬರುತ್ತದೆ. ಅಲ್ಲಿ 31–32 ಡಿಗ್ರಿಯೇ, ಆದರೆ ಬೆವರು ಆರುವುದೇ ಇಲ್ಲ. ನೆರಳಿನಲ್ಲಿ ಕುಳಿತರೂ ಅಂಗಿ ಮೈಗೆ ಅಂಟಿರುತ್ತದೆ. ಮೇಲಿಂದ ವರ್ಷವಿಡೀ ಯಾವಾಗ ಬೇಕಾದರೂ ಮಳೆ. ನವೆಂಬರ್‌ನಿಂದ ಜನವರಿವರೆಗೆ ಇನ್ನೂ ಜಾಸ್ತಿ. ಹೀಗಾಗಿ ಹೋಟೆಲ್‌ನಿಂದ ಮೆಟ್ರೊ ನಿಲ್ದಾಣ ಐದು ನಿಮಿಷದ ನಡಿಗೆಗಿಂತ ದೂರ ಇರಬಾರದು. ಹತ್ತು ನಿಮಿಷ ಅಂತ ನಕ್ಷೆ ತೋರಿಸಿದರೆ ಅವ್ವನಿಗೆ ಅದು ಇಪ್ಪತ್ತು.

ಹಡಗಿನ ದಿನ ಮಾತ್ರ ಲಗೇಜ್ ಇರುವುದರಿಂದ ಟ್ಯಾಕ್ಸಿಯೇ ಸರಿ. ಒಂದು ಟ್ಯಾಕ್ಸಿಯಲ್ಲಿ ನಾಲ್ಕು ಜನಕ್ಕಿಂತ ಜಾಸ್ತಿ ಕೂರಿಸುವುದಿಲ್ಲ. "ಸ್ವಲ್ಪ ಸರಕೋರಿ, ಹಿಡಸ್ತದ" ಅನ್ನುವ ಮಾತು ಅಲ್ಲಿ ನಡೆಯಲ್ಲ. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಅಂದರೆ ಡಿಕ್ಕಿ ಸಾಲದು, ದೊಡ್ಡ ಗಾಡಿ ಹೇಳಿ.

6. ವಿಳಾಸ, ವೀಸಾ, ರೊಟ್ಟಿ ಗಂಟು

ಹೋಟೆಲ್ ಗಟ್ಟಿಯಾದ ಮೇಲೆ ಅದರ ವಿಳಾಸ ಬರೆದಿಟ್ಟುಕೊಳ್ಳಿ. ಸಿಂಗಾಪುರಕ್ಕೆ ಇಳಿಯುವ ಮೊದಲು ಆನ್‌ಲೈನ್‌ನಲ್ಲಿ ಎಸ್‌ಜಿ ಅರೈವಲ್ ಕಾರ್ಡ್ ತುಂಬಬೇಕು, ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ. ಎಲ್ಲಿ ತಂಗುತ್ತೀರಿ ಅಂತ ಅದರಲ್ಲಿ ಕೇಳುತ್ತಾರೆ. ಇದಕ್ಕೆ ಫೀಸ್ ಇಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಅದು ಸರ್ಕಾರದ್ದಲ್ಲ. ವೀಸಾ ಇದರಿಂದ ಬೇರೆ. ಹಡಗು ಮಲೇಷ್ಯಾ, ಥಾಯ್ಲೆಂಡ್ ಸುತ್ತಿ ಮತ್ತೆ ಸಿಂಗಾಪುರಕ್ಕೇ ಬರುವುದರಿಂದ ನೀವು ಎರಡು ಸಲ ಒಳಗೆ ಬರುತ್ತೀರಿ. ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ ಅಂತ ಇದೆಯಾ ನೋಡಿಕೊಳ್ಳಿ.

ಗುಟ್ಕಾ, ತಂಬಾಕು ಅಭ್ಯಾಸ ಇದ್ದವರಿಗೆ ಮನೆಯಲ್ಲೇ ಹೇಳಿಬಿಡಿ. ಜಗಿಯುವ ತಂಬಾಕನ್ನು ಸಿಂಗಾಪುರಕ್ಕೆ ಒಯ್ಯುವಂತಿಲ್ಲ, ಜೇಬಿನಲ್ಲಿ ಒಂದೇ ಚೀಟಿ ಇದ್ದರೂ.

ಅವ್ವ ಇಪ್ಪತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಮನೆಯಲ್ಲಿ ಮಾಡಿದ ತಿನಿಸನ್ನು ಹಡಗಿನೊಳಗೆ ಬಿಡದ ಕಂಪನಿಗಳಿವೆ, ನಮ್ಮದೂ ಅಂಥದ್ದೇ. ಇದು ಗೊತ್ತಾದದ್ದು ಹಿಂದಿನ ರಾತ್ರಿ. ಹೋಟೆಲ್ ಹಾಸಿಗೆಯ ಮೇಲೆ ಪೇಪರ್ ಹಾಸಿ, ಮುಸ್ತಫಾದಿಂದ ತಂದ ಮೊಸರು ಸುರಿದುಕೊಂಡು, ಐದು ಜನ ಕುಳಿತು ಮುರಿದದ್ದೇ ಮುರಿದದ್ದು. ಆರು ರೊಟ್ಟಿ ಉಳಿದವು. ಬೆಳಿಗ್ಗೆ ರಿಸೆಪ್ಷನ್ನಿನ ತಮಿಳು ಹುಡುಗನ ಕೈಗೆ ಅವ್ವ ಅವನ್ನು ಇಟ್ಟಳು. ಅವನು ಒಂದನ್ನು ಎತ್ತಿ ಟೇಬಲ್ ಮೇಲೆ ತಟ್ಟಿ ನೋಡಿದ, ಟಣ್ ಅಂತು.

ಪಾಸ್‌ಪೋರ್ಟ್ ಇಲ್ಲದವರಿಗೆ

ಲಕ್ಷದ್ವೀಪದ ಹಡಗು ಹಿಡಿಯಲು ಕೊಚ್ಚಿಗೆ ಹೋದರೆ ಸಾಕು. ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಬೇಕು, ಅದನ್ನು ಮೊದಲೇ ಮಾಡಿಸಿ. ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಕಲಬುರಗಿ, ಯಾದಗಿರಿ ದಾಟಿ ಎರ್ನಾಕುಲಂಗೆ ಹೋಗುತ್ತದೆ. ಹಡಗು ಹತ್ತುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬಂದರಿನ ಹೂಳು ತೆಗೆದ ಮಣ್ಣಿನಿಂದಲೇ ಮಾಡಿದ ದ್ವೀಪ ಅದು. ಸೇತುವೆ ಇರುವುದರಿಂದ ಎರ್ನಾಕುಲಂನಲ್ಲಿ ತಂಗಿದರೂ ನಡೆಯುತ್ತದೆ. ಹೋಟೆಲ್‌ಗಳೂ ಅಲ್ಲೇ ಜಾಸ್ತಿ. ಫೋರ್ಟ್ ಕೊಚ್ಚಿ ಚೆಂದದ ಜಾಗ, ಚೀನೀ ಬಲೆಗಳನ್ನು ನೋಡುತ್ತಾ ಕೂರಬಹುದು. ಅಲ್ಲಿ ತಂಗುವ ಆಸೆಯಿದ್ದರೆ ಹಡಗಿನಿಂದ ಇಳಿದು ಬಂದ ಮೇಲೆ ಇಟ್ಟುಕೊಳ್ಳಿ. ಆಗ ಗಡಿಯಾರ ನೋಡುವ ಕೆಲಸವಿರುವುದಿಲ್ಲ.